ಸೀತಾರಾಮನ ಬೆನ್ನು ಮತ್ತು ಬೊರಿವಲಿ ಫಾಸ್ಟ್

ಸೀತಾರಾಮನಿಗೆ ಬೆನ್ನುನೋವು ಇದೆಯೆಂದು ಮುಂಬಯಿಯ ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ನಂಬಿದವನು ಒಬ್ಬನೇ, ಅವನು ಸೀತಾರಾಮ. ಉಳಿದವರೆಲ್ಲ ಅನುಮಾನದವರು. ಅವನ ಎದುರು ಮನೆಯವನಾದ ನಾನೂ ಅವರಲ್ಲೊಬ್ಬ, ಸುಳ್ಳು ಯಾಕೆ ಹೇಳಲಿ.

ಅನುಮಾನಕ್ಕೆ ಕಾರಣವಿತ್ತು. ಕಾಲು ಮುರಿದರೆ ಪ್ಲಾಸ್ಟರ್ ಕಾಣುತ್ತದೆ, ಜ್ವರ ಬಂದರೆ ಥರ್ಮಾಮೀಟರ್ ಹೇಳುತ್ತದೆ. ಸೀತಾರಾಮನ ಬೆನ್ನಿಗೆ ಎಕ್ಸ್‌ರೇ ತೆಗೆಸಿದರು, ನಾರ್ಮಲ್. ಎಂಆರ್‌ಐ ಮಾಡಿಸಿದರು, ಅದೂ ನಾರ್ಮಲ್. ಆ ರಿಪೋರ್ಟು ಹಿಡಿದು ಆಸ್ಪತ್ರೆಯಿಂದ ಬಂದ ದಿನ ಅವನ ಮುಖ ನೋಡಬೇಕಿತ್ತು. ತನಗೆ ಏನೂ ಆಗಿಲ್ಲ ಎಂದು ಗೊತ್ತಾಗಿ ಅಷ್ಟು ದುಃಖಪಟ್ಟ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಏಳು ವರ್ಷದಲ್ಲಿ ಅವನು ಮಾಡದ ಉಪಾಯವಿಲ್ಲ. ಹಲಗೆಯ ಮೇಲೆ ಮಲಗಿದ, ಸೊಂಟಕ್ಕೆ ಪಟ್ಟಿ ಕಟ್ಟಿದ, ಮನೆಯೆಲ್ಲ ನಾರುವಂಥ ಎಣ್ಣೆ ಹಚ್ಚಿದ. ಆದರೆ ಅವನ ಹೆಂಡತಿ ಪುಟ್ಟಲಕ್ಷ್ಮಿಯವರ ಲೆಕ್ಕದಲ್ಲಿ ಈ ನೋವು ಅಟ್ಟದಿಂದ ಡಬ್ಬ ಇಳಿಸಿ ಎಂದ ಕೂಡಲೇ ಜೋರಾಗುತ್ತಿತ್ತು, ಟಿವಿಯಲ್ಲಿ ಕ್ರಿಕೆಟ್ ಶುರುವಾದ ಕೂಡಲೇ ತಗ್ಗುತ್ತಿತ್ತು.

“ಇವರ ಬೆನ್ನಿಗೆ ಕಿವಿ ಇದೆ ಕಣ್ರೀ,” ಎಂದು ಅವರು ನನ್ನ ಹೆಂಡತಿಯ ಹತ್ತಿರ ಹೇಳುತ್ತಿದ್ದರು. “ಕೆಲಸದ ಮಾತು ಮಾತ್ರ ಅದಕ್ಕೆ ಕೇಳಿಸುತ್ತೆ.”

ಅನುಮಾನದವರಲ್ಲಿ ಎಲ್ಲರಿಗಿಂತ ಮುಂದಿದ್ದವನು ಮೂರನೇ ಮಹಡಿಯ ಭೀಮರಾಯ. ಅವನೂ ಸೀತಾರಾಮನೂ ಪರೇಲ್‌ನ ಒಂದೇ ವಿಮಾ ಆಫೀಸಿನಲ್ಲಿ ಅಕ್ಕಪಕ್ಕದ ಟೇಬಲ್ಲಿನವರು. ಇಬ್ಬರಲ್ಲಿ ಒಬ್ಬರು ಊರಿನ ಆ ತುದಿಯ ಬೊರಿವಲಿ ಶಾಖೆಗೆ ಹೋಗಬೇಕೆಂದು ಮೇಲಿನಿಂದ ಪತ್ರ ಬಂದಿತ್ತು. ಸೀತಾರಾಮ ಮಾರನೆಯ ದಿನವೇ ಡಾಕ್ಟರ ಸರ್ಟಿಫಿಕೇಟು ತಂದು ಮ್ಯಾನೇಜರ್ ಮಾಧುರಿ ಮೇಡಂ ಮೇಜಿನ ಮೇಲಿಟ್ಟ. “ದೀರ್ಘ ರೈಲು ಪ್ರಯಾಣ ಇವರ ಬೆನ್ನಿಗೆ ಅಪಾಯಕಾರಿ” ಎಂದು ಅದರಲ್ಲಿತ್ತು. ಡಾಕ್ಟರು ‘ಒಳ್ಳೆಯದಲ್ಲ’ ಎಂದಷ್ಟೇ ಬರೆಯಲು ಹೊರಟಿದ್ದರಂತೆ, ‘ಅಪಾಯಕಾರಿ’ ಎಂಬ ಮಾತನ್ನು ಇವನೇ ಕೇಳಿ ಹಾಕಿಸಿಕೊಂಡದ್ದು. ಮೇಡಂ ಫೈಲನ್ನು ಬಾಕಿ ಇಟ್ಟರು. ಅಲ್ಲಿಂದ ಭೀಮರಾಯನಿಗೆ ನಿದ್ದೆಯಿಲ್ಲ.

“ಲಿಫ್ಟಿನ್ಯಾಗ ಕೈ ಬೀಸಿಕೊಂಡು ಹೋಗಾಂವಗ ಬೆನ್ನುನೋವು ಎಲ್ಲಿಂದ ಬರ್ತದ್ರೀ?” ಎಂದು ಅವನು ನನ್ನನ್ನು ಕೇಳಿದ. “ಒಂದ್ ದಿನಾ ನಾ ಸಾಕ್ಷಿ ಸಮೇತ ಹಿಡೀತೀನಿ ನೋಡ್ರಿ.”

ಹೀಗಿರುವಾಗ ಸೀತಾರಾಮ ಹೊಸದೊಂದು ಎಣ್ಣೆ ಹುಡುಕಿಕೊಂಡು ಆಫೀಸು ಬಿಟ್ಟು ದಾದರಿಗೆ ಹೋದ. ದಾದರಿನ ಬ್ರಿಡ್ಜಿನ ಮೇಲೆ ಸಂಜೆ ಆರೂವರೆಗೆ ಯಾರೂ ತಾವಾಗಿ ನಡೆಯುವುದಿಲ್ಲ, ಹಿಂದಿನವರು ನಡೆಸುತ್ತಾರೆ. ಎಣ್ಣೆ ಅಂಗಡಿ ಎಡಕ್ಕಿತ್ತು, ಜನ ಬಲಕ್ಕಿದ್ದರು. ಅವರು ಅವನನ್ನು ಮೆಟ್ಟಿಲು ಇಳಿಸಿ, ಪ್ಲಾಟ್‌ಫಾರ್ಮ್ ದಾಟಿಸಿ, ಆಗಷ್ಟೇ ಬಂದು ನಿಂತ ಬೊರಿವಲಿ ಫಾಸ್ಟ್ ಲೋಕಲ್ ಒಳಗೆ ತುಂಬಿದರು.

“ನಾನು ಹತ್ತಬೇಕಾಗಿಲ್ಲ, ಉತರ್ನಾ ಹೈ,” ಎಂದು ಅವನು ಕೂಗಿದ.

“ಬೊರಿವಲಿ ಮೆ ಉತರ್ನಾ,” ಎಂದು ಯಾರದೋ ಕಂಕುಳಿನ ಹಿಂದಿನಿಂದ ಸಮಾಧಾನದ ಉತ್ತರ ಬಂತು.

ಎದುರಿಗೆ ಒಂದು ದೊಡ್ಡ ಹೊಟ್ಟೆ, ಹಿಂದೆ ಬಾಗಿಲಿನ ಹಲಗೆಯಷ್ಟು ಅಗಲವಾದ ಒಂದು ಬೆನ್ನು. ಇವನ ಬೆನ್ನಿಗೆ ಆ ಬೆನ್ನು ಅಂಟಿಕೊಂಡಿತು. ಬಾಂದ್ರಾದಲ್ಲಿ ಇನ್ನಷ್ಟು ಜನ ನುಗ್ಗಿ ಎಲ್ಲರನ್ನೂ ಒಂದು ಗೇಣು ಒಳಗೆ ಒತ್ತಿದಾಗ ಸೀತಾರಾಮನ ಸೊಂಟದೊಳಗೆ ಎಲ್ಲೋ ‘ಟಕ್’ ಎಂದಿತು. ಸತ್ತೇ ಹೋದೆ ಎಂದುಕೊಂಡ. ಅಂಧೇರಿ ಬರುವ ಹೊತ್ತಿಗೆ ಬದುಕಿದ್ದಾನೆಂದು ಖಾತ್ರಿಯಾಯಿತು. ಬೊರಿವಲಿಯಲ್ಲಿ ಜನ ಅವನನ್ನು ಹೊರಗೆ ಸುರಿದಾಗ ನೋವು ಇರಲಿಲ್ಲ. ಏಳು ವರ್ಷದಿಂದ ಸೊಂಟದ ಮೇಲೆ ಕೂತಿದ್ದ ಯಾರೋ ಎದ್ದು ಮನೆಗೆ ಹೋದಂತಿತ್ತು. ಅವನು ಪ್ಲಾಟ್‌ಫಾರ್ಮಿನಲ್ಲಿ ಬಗ್ಗಿ ತನ್ನ ಶೂಗಳ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ, ಸಾಧ್ಯವಾಯಿತು ಎಂಬ ಸಂತೋಷಕ್ಕೆ.

ಮಾರನೆಯ ಬೆಳಿಗ್ಗೆ ನೋವು ಹಿಂತಿರುಗಿತು. ಮಾರನೆಯ ಸಂಜೆ ಸೀತಾರಾಮನೂ ಬೊರಿವಲಿ ಫಾಸ್ಟ್‌ಗೆ ಹಿಂತಿರುಗಿದ. ಬೇರೆ ಡಬ್ಬಿಯಲ್ಲಿ, ಬೇರೆ ಬೆನ್ನುಗಳ ಮೇಲೆ ಪ್ರಯೋಗ ಮಾಡಿ ನೋಡಿದ. ಒಂದು ಮೆತ್ತಗಿತ್ತು, ಇನ್ನೊಂದಕ್ಕೆ ಲ್ಯಾಪ್‌ಟಾಪ್ ಚೀಲ ನೇತುಹಾಕಿತ್ತು. ಮೂರನೇ ದಿನಕ್ಕೆ ಅವನಿಗೆ ಸ್ಪಷ್ಟವಾಯಿತು, ಬೇಕಾದದ್ದು ಆ ಮೊದಲಿನ ಬೆನ್ನೇ. ಆ ಬೆನ್ನಿನ ಯಜಮಾನರು ಪ್ರತಿದಿನ ಅದೇ ಗಾಡಿಗೆ, ಮುಂದಿನಿಂದ ಐದನೇ ಡಬ್ಬಿಗೆ, ಎರಡನೇ ಬಾಗಿಲಿನಿಂದ ಹತ್ತುತ್ತಿದ್ದರು. ಇವನು ಅವರ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಬೆನ್ನನ್ನು ಮಾತ್ರ ನೂರು ಜನರಲ್ಲಿ ಗುರುತು ಹಿಡಿಯುತ್ತಿದ್ದ.

ಇದನ್ನು ಮನೆಯಲ್ಲಿ ಹೇಳುವಂತಿರಲಿಲ್ಲ. ಪುಟ್ಟಲಕ್ಷ್ಮಿಯವರಿಗೆ ಹೇಳಿದರೆ ನನ್ನ ಹೆಂಡತಿಗೆ ಗೊತ್ತಾಗುತ್ತದೆ, ನನ್ನ ಹೆಂಡತಿಗೆ ಗೊತ್ತಾದರೆ ಭೀಮರಾಯನ ಹೆಂಡತಿಗೆ ಗೊತ್ತಾಗುತ್ತದೆ, ಮರುದಿನ ಹತ್ತು ಗಂಟೆಗೆ ಮಾಧುರಿ ಮೇಡಂ ಸರ್ಟಿಫಿಕೇಟನ್ನು ಹೊರತೆಗೆಯುತ್ತಾರೆ. ರೈಲು ಅಪಾಯಕಾರಿ ಎಂದು ಬರೆಸಿಕೊಂಡವನು ದಿನಾ ಬೊರಿವಲಿಗೆ ನಿಂತುಕೊಂಡು ಹೋಗಿ ಬರುತ್ತಾನೆ ಎಂದರೆ ಯಾರು ಬಿಟ್ಟಾರು? ಆದ್ದರಿಂದ ಅವನು ಮನೆಗೆ ಒಂಬತ್ತಕ್ಕೆ ಬಂದು “ಆಫೀಸಿನಲ್ಲಿ ಆಡಿಟ್ ಕಣೇ” ಎಂದು ಹೇಳತೊಡಗಿದ.

ಭೀಮರಾಯ ಮಾತ್ರ ಏಳಕ್ಕೇ ತರಕಾರಿ ಚೀಲ ಹಿಡಿದು ಬರುತ್ತಿದ್ದ. ಲಿಫ್ಟಿನಲ್ಲಿ ಪುಟ್ಟಲಕ್ಷ್ಮಿಯವರು ಕೇಳಿಯೇಬಿಟ್ಟರು, ಆಡಿಟ್ ಇನ್ನೂ ಎಷ್ಟು ದಿನ ಎಂದು.

“ಯಾವ ಆಡಿಟ್ರೀ? ಅದು ಹೋದ ತಿಂಗಳದಾಗ ಮುಗೀತಲ್ರಿ.”

ಪುಟ್ಟಲಕ್ಷ್ಮಿಯವರು ಎರಡನೇ ಮಹಡಿಯಲ್ಲಿ ಇಳಿಯುವುದನ್ನು ಮರೆತು ಮೂರಕ್ಕೆ ಹೋಗಿ, ಮೆಟ್ಟಿಲು ಇಳಿದು ಬಂದರು.

ಅಂದಿನಿಂದ ಅವರು ಗಂಡನ ಅಂಗಿಯನ್ನು ಒಗೆಯುವ ಮೊದಲು ಪರೀಕ್ಷಿಸತೊಡಗಿದರು. ಫಲ ಭಯಂಕರವಾಗಿತ್ತು. ಅಂಗಿಯಲ್ಲಿ ಅತ್ತರಿನ ವಾಸನೆ. ಅದರ ಜೊತೆಗೆ ಹತ್ತಿಯ ಎಳೆಗಳು. ಎರಡೂ ಬೆನ್ನಿನ ಕಡೆ. ಎಳೆಗಳನ್ನು ಅವರು ಒಂದೊಂದಾಗಿ ಬಿಡಿಸಿ ಏಲಕ್ಕಿ ಡಬ್ಬಿಯಲ್ಲಿ ಕೂಡಿಟ್ಟರು. ಇದರ ಮೇಲೆ ಇನ್ನೊಂದು ಸಂಗತಿ, ಗಂಡ ಮೊದಲಿನ ಹಾಗೆ ನರಳುತ್ತಿರಲಿಲ್ಲ. ನೆಟ್ಟಗೆ ನಡೆಯುತ್ತಿದ್ದ, ಸ್ನಾನದ ಮನೆಯಲ್ಲಿ ಹಾಡು ಗುನುಗುತ್ತಿದ್ದ. ಮೊನ್ನೆ ಯಾರೂ ಹೇಳದೆ ಅಟ್ಟದಿಂದ ಡಬ್ಬ ಇಳಿಸಿಕೊಟ್ಟನಂತೆ.

“ಡಬ್ಬ ಇಳಿಸಿದಾಗಲೇ ನನಗೆ ಎದೆ ಧಸಕ್ಕಂತು,” ಎಂದು ಪುಟ್ಟಲಕ್ಷ್ಮಿಯವರು ನಮ್ಮ ನಡುಮನೆಯಲ್ಲಿ ಕೂತು ಕಣ್ಣೊರೆಸಿಕೊಂಡರು.

ಅದು ಒಂದು ರೀತಿಯ ವಿಚಾರಣಾ ಸಭೆ. ನಾನು, ನನ್ನ ಹೆಂಡತಿ, ಕರೆಯದಿದ್ದರೂ ಬಂದ ಭೀಮರಾಯ, ಮತ್ತು ಕಾಲೇಜಿನಲ್ಲಿ ಓದುತ್ತಿರುವ ಪುಟ್ಟಲಕ್ಷ್ಮಿಯವರ ಮಗಳು ಧಾತ್ರಿ. ಧಾತ್ರಿ ಫೋನು ತೋರಿಸಿದಳು.

“ಪಪ್ಪಾದು ಲೊಕೇಶನ್ ನನ್ನ ಫೋನ್ ಮೆ ಬರುತ್ತೆ, ಆಂಟಿ. ಡೇಲಿ ಬೊರಿವಲಿ. ಬಟ್ ವಹಾಂ ಪೆ ಓನ್ಲಿ ಹನ್ನೊಂದು ಮಿನಿಟ್. ಫಿರ್ ವಾಪಸ್.”

 ಬೊರಿವಲಿ ಎಂಬ ಮಾತು ಭೀಮರಾಯನ ಮುಖದ ಮೇಲೆ ದೀಪಾವಳಿ ಹಚ್ಚಿತು.

“ಫ್ಲ್ಯಾಟ್ ತಗೊಂಡಾನ್ರೀ,” ಎಂದ. “ಎಷ್ಟ್ ಮಜಲಿ ಎದ್ದಾವಂತ ದಿನಾ ನೋಡಾಕ ಹೋಗ್ತಾನ. ಹನ್ನೊಂದ್ ನಿಮಿಷ ಸಾಕಲ್ರಿ ಅದಕ್ಕ.”

“ಫ್ಲ್ಯಾಟು ಅತ್ತರು ಹಚ್ಕೊಳ್ಳುತ್ತೇನ್ರೀ?” ಎಂದು ಪುಟ್ಟಲಕ್ಷ್ಮಿಯವರು ಡಬ್ಬಿ ತೆರೆದರು. “ಹತ್ತಿ ಅಂದ್ರೆ ದಿಂಬು. ದಿಂಬು ಅಂದ್ರೆ, ಇನ್ನು ನನ್ನ ಬಾಯಲ್ಲಿ ಹೇಳಿಸ್ಬೇಡಿ.”

“ಆದರೆ ಬೆನ್ನಿನ ಕಡೆ ಯಾಕೆ?” ಎಂದು ನಾನು ಕೇಳಿದೆ. ಇಂಥ ವಿಷಯದಲ್ಲಿ ನಾನು ಅಷ್ಟು ಆಸಕ್ತಿ ತೋರಿಸಬಾರದಿತ್ತೆಂದು ನನ್ನ ಹೆಂಡತಿಯ ನೋಟದಿಂದ ತಿಳಿಯಿತು. 

ಶುಕ್ರವಾರ ಹಿಂಬಾಲಿಸುವುದೆಂದು ತೀರ್ಮಾನವಾಯಿತು.

ಅತ್ತ, ಆ ಬೆನ್ನಿನ ಯಜಮಾನರ ಸಂಕಟ ಬೇರೆ ಇತ್ತು. ಅವರ ಹೆಸರು ಅಮೀರಸಾಬ, ವಿಜಯಪುರದ ಕಡೆಯವರು. ಪರೇಲ್‌ನಲ್ಲಿ ಗಾದಿ ಹೊಲಿಯುವ ಅಂಗಡಿ, ಬೊರಿವಲಿಯಲ್ಲಿ ಮನೆ. ಮೂವತ್ತು ವರ್ಷ ಹತ್ತಿ ಬಡಿದು, ಗಾದಿ ಹೊತ್ತು ಆ ಬೆನ್ನು ಹಾಗೆ ಆಗಿತ್ತು. ಮೈಗಂಟಿದ ಹತ್ತಿಯ ವಾಸನೆ ಮುಚ್ಚಲೆಂದು ಅಂಗಡಿ ಮುಚ್ಚುವಾಗ ಒಂದು ಚೂರು ಅತ್ತರು ಹಚ್ಚಿಕೊಳ್ಳುವ ಅಭ್ಯಾಸ. ಅವರು ಕೆಲವು ವಾರಗಳಿಂದ ಗಮನಿಸಿದ್ದರು, ಒಬ್ಬ ಸಣಕಲು ಮನುಷ್ಯ ಎಷ್ಟೇ ನೂಕುನುಗ್ಗಲಿದ್ದರೂ ತಮ್ಮ ಹಿಂದೆಯೇ ಬಂದು, ತಿರುಗಿ, ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಮುಂಬಯಿಯಲ್ಲಿ ಇದಕ್ಕೆ ಒಂದೇ ಅರ್ಥ, ಪಾಕೀಟ್‌ಮಾರ್. ಅವರು ಮೊಬೈಲನ್ನು ಹಿಂದಿನ ಜೇಬಿನಿಂದ ಮುಂದಿನ ಜೇಬಿಗೆ ಹಾಕಿದರು. ಮರುದಿನ ಬನಿಯನ್ನಿನೊಳಗೆ ಇಟ್ಟರು. ಆಮೇಲೆ ಊಟದ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದರು. ಸಣಕಲು ಮನುಷ್ಯ ಏನನ್ನೂ ಕದಿಯಲಿಲ್ಲ. ಇದರಿಂದ ಅವರ ಅನುಮಾನ ಇನ್ನೂ ಹೆಚ್ಚಿತು. ಏನನ್ನೂ ಕದಿಯದ ಕಳ್ಳ ಎಂದರೆ ದೊಡ್ಡದೇನನ್ನೋ ಹೊಂಚುತ್ತಿರಬೇಕು.

ಎರಡು ದಿನ ಅವರು ಡಬ್ಬಿ ಬದಲಿಸಿದರು. ಸೀತಾರಾಮ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಬೆನ್ನುಗಳನ್ನು ಇಣುಕಿ ನೋಡುತ್ತ ಓಡಾಡಿದ್ದನ್ನು ಅವರು ಕಂಬದ ಮರೆಯಿಂದ ಕಣ್ಣಾರೆ ಕಂಡರು. ಶುಕ್ರವಾರ ಅವರೂ ಒಂದು ತೀರ್ಮಾನ ಮಾಡಿಕೊಂಡೇ ಐದನೇ ಡಬ್ಬಿ ಹತ್ತಿದರು.

ಆ ದಿನ ಪುಟ್ಟಲಕ್ಷ್ಮಿಯವರೂ ಧಾತ್ರಿಯೂ ಲೇಡೀಸ್ ಡಬ್ಬಿಯಲ್ಲಿದ್ದರು. ಭೀಮರಾಯನ ಜೊತೆ ನಾನು ಆರನೇ ಡಬ್ಬಿಯಲ್ಲಿದ್ದೆ. ಕುತೂಹಲಕ್ಕೆ ಹೋದದ್ದಲ್ಲ, ನೆರೆಯವನ ಕರ್ತವ್ಯವೆಂದು ಹೋದದ್ದು. ನನ್ನ ಒಂದು ಕಾಲು ಬಾಂದ್ರಾದಿಂದ ಅಂಧೇರಿಯವರೆಗೆ ಗಾಳಿಯಲ್ಲೇ ಇತ್ತು.

ಬೊರಿವಲಿಯಲ್ಲಿ ಇಳಿದರೆ ಐದನೇ ಡಬ್ಬಿಯ ಮುಂದೆ ಜನ ಸೇರಿತ್ತು. ಅಮೀರಸಾಬರು ಸೀತಾರಾಮನ ರಟ್ಟೆ ಹಿಡಿದಿದ್ದರು.

“ಏಕ್ ಮಹೀನೇ ಸೆ ಮೇರೇ ಪೀಛೇ ಹೈ ಯೇ ಆದ್ಮಿ,” ಎಂದು ಅವರು ರೈಲ್ವೆ ಪೊಲೀಸ್ ಹವಾಲ್ದಾರನಿಗೆ ಹಿಂದಿಯಲ್ಲಿ ಹೇಳುತ್ತಿದ್ದರು, ತಿಂಗಳಿಂದ ಹಿಂದೆ ಬಿದ್ದಿರುವ ಇವನಿಗೆ ಏನು ಬೇಕೋ ಕೇಳಿ ಎಂದು. “ಪೂಛೋ ಇಸೇ, ಕ್ಯಾ ಚಾಹಿಯೇ.”

ಹವಾಲ್ದಾರ ಎಲ್ಲರನ್ನೂ ಚೌಕಿಗೆ ನಡೆಸಿದ. ಪುಟ್ಟಲಕ್ಷ್ಮಿಯವರು ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿ ಗಂಡನ ಎದುರು ನಿಂತರು. ಸೀತಾರಾಮ ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ, ನನ್ನನ್ನು ನೋಡಿದ. ಭೀಮರಾಯನನ್ನು ನೋಡಿದಾಗ ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು.

“ಎಲ್ರೀ ಅವಳು?” ಎಂದರು ಪುಟ್ಟಲಕ್ಷ್ಮಿಯವರು.

“ಯಾರೇ?”

“ಅತ್ತರಿನವಳು.”

ಕನ್ನಡ ಕಿವಿಗೆ ಬಿದ್ದದ್ದೇ ಅಮೀರಸಾಬರ ಹಿಡಿತ ಸಡಿಲವಾಯಿತು. “ನಮ್ಮ ಕಡ್ಯಾವ್ರು ಏನ್ರಿ ನೀವು? ಅತ್ತರಾ ನಂದ್ರೀ ಬಾಯಾರ,” ಎಂದು ಅಂಗಿಯ ತೋಳು ಮುಂದೆ ಮಾಡಿದರು. ಪುಟ್ಟಲಕ್ಷ್ಮಿಯವರು ಮೂಸಿ ನೋಡಿದರು. ಅದೇ. ಆ ತೋಳಿನ ಮೇಲೆ ಹತ್ತಿಯ ಎಳೆಯೂ ಇತ್ತು. ಅವರು ಏಲಕ್ಕಿ ಡಬ್ಬಿ ತೆಗೆದು ತಾಳೆ ನೋಡಿ, ಅಮೀರಸಾಬರ ಪೊದೆಮೀಸೆಯನ್ನು ನೋಡಿದರು.

ಸೀತಾರಾಮನಿಗೆ ಈಗ ಎರಡು ದಾರಿಗಳಿದ್ದವು. ಸುಮ್ಮನಿದ್ದರೆ ಹವಾಲ್ದಾರನ ಕಣ್ಣಿನಲ್ಲಿ ಕಳ್ಳ, ಹೆಂಡತಿಯ ಕಣ್ಣಿನಲ್ಲಿ ಇನ್ನೇನೋ. ನಿಜ ಹೇಳಿದರೆ ಭೀಮರಾಯನಿಗೆ ಸಾಕ್ಷಿ. ಅವನು ಒಂದು ಸಲ ಹೆಂಡತಿಯ ಕೈಯಲ್ಲಿದ್ದ ಡಬ್ಬಿ ನೋಡಿ, ನಿಜವನ್ನೇ ಹೇಳಿದ. ಬ್ರಿಡ್ಜು, ಬಾಂದ್ರಾ, ಟಕ್, ಶೂ ದಾರ, ಎಲ್ಲವನ್ನೂ ಹೇಳಿದ.

ಯಾರೂ ನಂಬಲಿಲ್ಲ.

“ಪಾಠೀಸಾಠೀ?” ಎಂದು ಹವಾಲ್ದಾರ ತನ್ನ ಬೆನ್ನನ್ನೇ ತೋರಿಸಿಕೊಂಡು ಕೇಳಿದ. ಬೆನ್ನಿಗಾಗಿ ಬೊರಿವಲಿಗೆ ಬಂದೆಯಾ ಎಂದು. “ತೊ ಕರ್ಕೇ ದಿಖಾವ್,” ಹಾಗಾದರೆ ಮಾಡಿ ತೋರಿಸು ಎಂದ.

ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ನಿಂತರು. ಏನೂ ಆಗಲಿಲ್ಲ. “ಒತ್ತಬೇಕು,” ಎಂದು ಸೀತಾರಾಮ ಸಣ್ಣ ದನಿಯಲ್ಲಿ ಹೇಳಿದ. “ಬಾಂದ್ರಾ ಬೇಕು.” ಹವಾಲ್ದಾರ ಸುತ್ತ ನೋಡಿ ನಮಗೆ ಕೈಸನ್ನೆ ಮಾಡಿದ. ಅಮೀರಸಾಬರ ಕಡೆಯಿಂದ ನಾನೂ ಹವಾಲ್ದಾರನೂ ಒತ್ತಿದೆವು, ಸೀತಾರಾಮನ ಕಡೆಯಿಂದ ಪುಟ್ಟಲಕ್ಷ್ಮಿಯವರೂ ಧಾತ್ರಿಯೂ ಒತ್ತಿದರು. ಹೆಂಡತಿ ಒಂದು ತಿಂಗಳ ಸಿಟ್ಟನ್ನೆಲ್ಲ ಸೇರಿಸಿ ಒತ್ತಿದಾಗ ಚೌಕಿಯಲ್ಲಿದ್ದ ಎಲ್ಲರಿಗೂ ಕೇಳುವಂತೆ ‘ಟಕ್’ ಎಂದಿತು.

ಸೀತಾರಾಮನ ಮುಖ ಬಿಚ್ಚಿಕೊಂಡಿತು. ಹುಬ್ಬು ಕೆಳಗಿಳಿಯಿತು, ದವಡೆ ಸಡಿಲವಾಯಿತು, ನಾವು ಯಾರೂ ಏಳು ವರ್ಷದಿಂದ ನೋಡದ ಒಬ್ಬ ಮನುಷ್ಯ ಅಲ್ಲಿ ನಿಂತಿದ್ದ. ಪುಟ್ಟಲಕ್ಷ್ಮಿಯವರು ಅವನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರು ಬಂತು.

“ನಿಜವಾಗ್ಲೂ ನೋಯ್ತಿತ್ತೇನ್ರೀ?”

“ಏಳು ವರ್ಷದಿಂದ ಅದನ್ನೇ ತಾನೇ ಹೇಳ್ತಿದ್ದೀನಿ.”

ಅವರು ಏಲಕ್ಕಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಇಂಥ ಹೊತ್ತಿನಲ್ಲಿ ನನಗೂ ನಾಚಿಕೆಯಾಯಿತು. ಅವನು ಲಿಫ್ಟಿನಲ್ಲಿ ಸೊಂಟ ಹಿಡಿದುಕೊಂಡಾಗೆಲ್ಲ ನಾನು ಮೇಲೆ ಫ್ಯಾನು ನೋಡಿದ್ದೆ.

ಆಗ ಅಮೀರಸಾಬರು ಕೆಮ್ಮಿ, “ಒಂದ್ ಮಾತ್ರೀ ಸರ,” ಎಂದರು. “ಬಗ್ಗಿ ಗಾದಿ ಹೊಲ್ದು ನಂದೂ ಸೊಂಟಾ ಹಿಡಿದಿತ್ರೀ. ಈ ತಿಂಗಳ ಹಗೂರ ಆಗಿತ್ತು, ಯಾಕಂತ ತಿಳೀಲಿಲ್ಲ. ನಡುವ ಎರಡ್ ದಿನಾ ಡಬ್ಬಿ ಬದಲಿ ಮಾಡಿದ್ನಲ್ರಿ, ಆ ಎರಡ್ ದಿನಾ ಮತ್ತ ಹಿಡೀತು. ನಿಮ್ಮ ಬೆನ್ನಾಗ ಎಲುಬು ಭಾಳ ಅದಾವ, ಅಲ್ಲೇ ಅದರ ಔಷಧಾ ಐತಿ ಕಾಣ್ಸತೈತಿ.”

ಹವಾಲ್ದಾರನಿಗೂ ದಿನವೆಲ್ಲ ನಿಂತು ನಿಂತು ಸೊಂಟ ನೋಯುತ್ತಿತ್ತಂತೆ. ದೂರು ಬರೆದುಕೊಳ್ಳುವ ಬದಲು ಅವನು ಪೆನ್ನು ಕೆಳಗಿಟ್ಟು ಅಮೀರಸಾಬರ ಬೆನ್ನನ್ನು ಆಸೆಯಿಂದ ನೋಡುತ್ತಿದ್ದ. ಎಲ್ಲರೂ ಸಮಾಧಾನದಲ್ಲಿದ್ದೆವು. ಚೌಕಿಯಲ್ಲಿ ಒತ್ತದೆ ಉಳಿದವನು ಒಬ್ಬನೇ, ಭೀಮರಾಯ. ಅವನ ಎರಡೂ ಕೈ ಮೊಬೈಲಿನಲ್ಲಿ ವಿಡಿಯೋ ತೆಗೆಯುವುದರಲ್ಲಿದ್ದವು.

ಸೋಮವಾರ ಮಾಧುರಿ ಮೇಡಂ ಆ ವಿಡಿಯೋವನ್ನು ಎರಡು ಸಲ ನೋಡಿದರಂತೆ. ಆಮೇಲೆ ಸರ್ಟಿಫಿಕೇಟನ್ನು ತೆಗೆದು ಮುಂದೆ ಇಟ್ಟುಕೊಂಡರು.

“ಸೀತಾರಾಮ್ ಸಾಹೇಬ್, ರೈಲು ಅಪಾಯಕಾರಿ ಅಂತ ಇಲ್ಲಿದೆ. ರೈಲಿನಿಂದಲೇ ಗುಣವಾಯಿತು ಅಂತ ಅಲ್ಲಿ ನೀವೇ ಹೇಳಿದ್ದೀರಿ. ನಿಮ್ಮ ತಬಿಯತ್ ನೋಡಿಕೊಂಡೇ ನಾನು ನಿಮ್ಮನ್ನು ಬೊರಿವಲಿಗೆ ಹಾಕುತ್ತಿದ್ದೇನೆ.”

 ಸೀತಾರಾಮನಿಗೆ ಹೊಳೆದದ್ದು ಈ ಆರ್ಡರ್ ಬರೆದವರಿಗೆ ಹೊಳೆದಿರಲಿಲ್ಲ.

“ಮೇಡಂ, ಬೆಳಿಗ್ಗೆ ಎಲ್ಲರೂ ಈ ಕಡೆ ಬರುತ್ತಾರೆ. ಆ ಕಡೆ ಹೋಗುವ ಗಾಡಿ ಖಾಲಿ ಇರುತ್ತೆ. ಸಂಜೆ ವಾಪಸ್ ಬರುವಾಗಲೂ ಖಾಲಿ.”

“ಒಳ್ಳೆಯದೇ ಆಯಿತಲ್ಲ. ಎರಡೂ ಕಡೆ ಕಿಟಕಿ ಪಕ್ಕ ಸೀಟು. ರಾಜನ ಹಾಗೆ ಕೂತು ಹೋಗಿ.”

“ಕೂತರೆ ನೋಯುತ್ತೆ ಮೇಡಂ. ನನಗೆ ಗರ್ದಿ ಬೇಕು, ಜನ ಒತ್ತಬೇಕು.”

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೇಡಂ ಮುಂದೆ ಎಂಥೆಂಥ ಬೇಡಿಕೆಗಳು ಬಂದಿದ್ದವೋ. ಮುಂಬಯಿಯ ನೌಕರನೊಬ್ಬ ಲೋಕಲ್‌ನಲ್ಲಿ ಗರ್ದಿ ಬೇಕೆಂದು ಕೇಳಿದ್ದು ಇದೇ ಮೊದಲು. ಅವರು ಕನ್ನಡಕ ತೆಗೆದು ಅವನನ್ನು ತುಂಬ ಹೊತ್ತು ನೋಡಿದರು. ಇವನಿಗೆ ಬೇಕಾದದ್ದು ಬೆನ್ನಿನ ಡಾಕ್ಟರಲ್ಲವೇನೋ ಎಂಬ ಅನುಮಾನ ಅವರಿಗೆ ಅಂದು ಬಂದದ್ದು ಇನ್ನೂ ಹೋಗಿಲ್ಲ. ಸೀತಾರಾಮ ಹಳೆಯ ಡಾಕ್ಟರ ಹತ್ತಿರವೂ ಓಡಿ, ‘ಗರ್ದಿ ಅತ್ಯವಶ್ಯಕ’ ಎಂದು ಬರೆದುಕೊಡಿ ಎಂದು ಕೇಳಿದ. ಅವರು ಬರೆದದ್ದು ನಿದ್ದೆಯ ಮಾತ್ರೆ.

ಮೊದಲ ದಿನ ಬೊರಿವಲಿಗೆ ಅವನು ಕಿಟಕಿ ಪಕ್ಕ ಕೂತು ಹೋದ. ಕಾಲು ಚಾಚುವಷ್ಟು ಜಾಗ, ಮುಖಕ್ಕೆ ಗಾಳಿ. ಮಲಾಡ್ ದಾಟುವಷ್ಟರಲ್ಲಿ ನೋವು ಸೊಂಟದ ಮೇಲೆ ಹಳೆಯ ಜಾಗದಲ್ಲಿ ಬಂದು ಕೂತಿತು. ಸಂಜೆ ವಾಪಸ್ ಬರುವಾಗ ಪಕ್ಕದ ಹಳಿಯಲ್ಲಿ ಬೊರಿವಲಿಗೆ ಹೋಗುವ ಗಾಡಿಗಳು ಜನ ಜೋತುಬಿದ್ದು ಹಾದುಹೋಗುತ್ತಿದ್ದವು. ಅವುಗಳನ್ನು ಅವನು, ಹಸಿದವನು ಮದುವೆ ಮನೆಯನ್ನು ನೋಡುವ ಹಾಗೆ ನೋಡಿದ.

ಈಗ ಅವನ ದಿನಚರಿ ಹೀಗಿದೆ. ಬೊರಿವಲಿ ಆಫೀಸು ಐದೂವರೆಗೆ ಬಿಡುತ್ತದೆ. ಖಾಲಿ ಗಾಡಿಯಲ್ಲಿ ದಾದರಿಗೆ ಬರುತ್ತಾನೆ. ಮನೆ ಅಲ್ಲಿಂದ ಎರಡೇ ಸ್ಟೇಷನ್. ಆದರೆ ಅವನು ಪ್ಲಾಟ್‌ಫಾರ್ಮ್ ಬದಲಿಸಿ, ಐದನೇ ಡಬ್ಬಿಯ ಜಾಗದಲ್ಲಿ ಕಾದು ನಿಂತ ಅಮೀರಸಾಬರ ಜೊತೆ ತುಂಬಿದ ಗಾಡಿ ಹತ್ತಿ ಮತ್ತೆ ಬೊರಿವಲಿಗೆ ಹೋಗುತ್ತಾನೆ. ಹವಾಲ್ದಾರನಿಗೆ ನಮಸ್ಕಾರ ಹೇಳಿ ಮತ್ತೆ ದಾದರಿಗೆ ಬರುತ್ತಾನೆ. ಮನೆ ಮುಟ್ಟುವಾಗ ಒಂಬತ್ತು, ಮೊದಲಿನಷ್ಟೇ. ಪರೇಲ್‌ನಲ್ಲಿ ಉಳಿದ ಭೀಮರಾಯ ಏಳಕ್ಕೆ ತರಕಾರಿ ತರುತ್ತಾನೆ. ಅವನಿಗೆ ಈಚೆಗೆ ಕುತ್ತಿಗೆ ಹಿಡಿದಿದೆಯಂತೆ. ನಾವು ಯಾರೂ ನಂಬಿಲ್ಲ.

ಪುಟ್ಟಲಕ್ಷ್ಮಿಯವರು ಗಂಡನ ಅಂಗಿಯನ್ನು ಈಗಲೂ ಒಗೆಯುವ ಮೊದಲು ಪರೀಕ್ಷಿಸುತ್ತಾರೆ. ಮೊನ್ನೆ ನಮ್ಮ ಬಾಗಿಲು ತೆರೆದಿತ್ತು, ಕೇಳಬಾರದೆಂದರೂ ಕೇಳಿಸಿತು. ಅಂಗಿಯ ಬೆನ್ನನ್ನು ಎರಡೆರಡು ಸಲ ಮೂಸಿ, ದೀಪದ ಕೆಳಗೆ ಹಿಡಿದು ಹತ್ತಿ ಹುಡುಕಿ, ಅವರು ಗಟ್ಟಿ ದನಿಯಲ್ಲಿ ಕೇಳಿದರು.

“ಏನೂಂದ್ರೆ, ಅತ್ತರೂ ಇಲ್ಲ, ಹತ್ತೀನೂ ಇಲ್ಲ. ಅಮೀರಸಾಬರ ಗಾಡಿ ಹತ್ತದೆ ಸೀದಾ ಮನೆಗೆ ಬಂದ್ಬಿಟ್ರಿ ತಾನೇ? ನಿಜ ಹೇಳಿ.”